ಕರಾರು ಇದೆಯೆಂದು ದಾರಿ ತಡೆಯಬಹುದೇ?

ನಿಮ್ಮ ಕೈಕೆಳಗೆ ಒಬ್ಬ ಯುವಕ ದುಡಿಯುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಅವನಿಗೆ ಕೆಲಸ ಕಲಿಸಿದವರು ನೀವು. ಮೂರು ವರ್ಷ ಇರುತ್ತೇನೆಂದು ಅವನು ಕರಾರಿಗೆ ಸಹಿ ಹಾಕಿದ್ದಾನೆ. ಎರಡು ವರ್ಷ ಮುಗಿಯುವ ಹೊತ್ತಿಗೆ ಬೇರೆಯವರು ಅವನನ್ನು ಕರೆಯುತ್ತಾರೆ. ಅವರಿಗೆ ಬೇಕಾಗಿರುವುದು ಸಹಾಯಕನಲ್ಲ, ಒಂದು ವಿಭಾಗದ ಮುಖ್ಯಸ್ಥ. ಅವನು ನಿಮ್ಮ ಮುಂದೆ ನಿಂತು ಅನುಮತಿ ಕೇಳುತ್ತಾನೆ. ಕರಾರಿನ ಕಾಗದ ನಿಮ್ಮ ಕೈಯಲ್ಲಿದೆ. 'ಇಲ್ಲ' ಎನ್ನುವ ಅಧಿಕಾರವೂ ನಿಮಗಿದೆ. ನೀವು ಏನು ಹೇಳುವಿರಿ?

ಅಧಿಕಾರ ಇದೆ ಎಂಬುದು ಒಂದು ಮಾತು, ಅದನ್ನು ಬಳಸುವುದು ನ್ಯಾಯವೇ ಎಂಬುದು ಇನ್ನೊಂದು ಮಾತು. ಈ ಎರಡರ ನಡುವಿನ ಅಂತರವನ್ನು ತಿಳಿಯಲು ಅಮೆರಿಕದ ಫುಟ್ಬಾಲ್ ರಂಗದ ಒಂದು ವಿವಾದವನ್ನು ನೋಡೋಣ. ಅಲ್ಲಿ ಈ ಪ್ರಶ್ನೆ ಬಹಳ ಕಾಲ ಜನರನ್ನು ಕಾಡಿದೆ.

ಅಮೆರಿಕದವರು ಫುಟ್ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟವದು. ಅಲ್ಲಿನ ರಾಷ್ಟ್ರೀಯ ಫುಟ್ಬಾಲ್ ಲೀಗ್‌ನಲ್ಲಿ 32 ತಂಡಗಳಿವೆ. ಪ್ರತಿ ತಂಡಕ್ಕೆ ಒಬ್ಬ ಮುಖ್ಯ ಕೋಚ್. ಅವರ ಕೆಳಗೆ ದಾಳಿ, ರಕ್ಷಣೆ ಮತ್ತು ವಿಶೇಷ ಸಂದರ್ಭಗಳ ಆಟಕ್ಕೆ ಒಬ್ಬೊಬ್ಬ ಸಂಯೋಜಕ. ಸಂಯೋಜಕರ ಕೆಳಗೆ ಒಂದೊಂದು ಸ್ಥಾನದ ಆಟಗಾರರನ್ನು ಪಳಗಿಸುವ ಸಹಾಯಕ ಕೋಚ್‌ಗಳು. ಸಹಾಯಕರಾಗಿರುವವರು ಒಂದು ದಿನ ಮುಖ್ಯ ಕೋಚ್ ಆಗಬೇಕಾದರೆ ಸಾಮಾನ್ಯವಾಗಿ ಸಂಯೋಜಕ ಎಂಬ ಮೆಟ್ಟಿಲನ್ನು ಹತ್ತಿಯೇ ಹೋಗಬೇಕು. ಆದರೆ ಬಹಳ ಕಾಲದವರೆಗೆ ಅಲ್ಲಿನ ನಿಯಮ ಹೀಗಿತ್ತು: ಕರಾರಿನಲ್ಲಿರುವ ಸಹಾಯಕನನ್ನು ಇನ್ನೊಂದು ತಂಡ ಸಂಯೋಜಕನ ಹುದ್ದೆಗೆ ಕರೆದರೆ, ಇರುವ ತಂಡವು ಸಂದರ್ಶನಕ್ಕೂ ಹೋಗದಂತೆ ತಡೆಯಬಹುದು.

ಒಂದು ಉದಾಹರಣೆ ನೋಡಿ. ಕೆವಿನ್ ಸ್ಟೆಫಾನ್‌ಸ್ಕಿ ಎಂಬವರು 2006ರಿಂದ ಮಿನ್ನೆಸೋಟ ವೈಕಿಂಗ್ಸ್ ತಂಡದಲ್ಲಿ ದುಡಿಯುತ್ತಿದ್ದರು. 2018ರ ಆರಂಭದಲ್ಲಿ ಆ ತಂಡದ ದಾಳಿ ವಿಭಾಗದ ಸಂಯೋಜಕರಾಗಿದ್ದ ಪ್ಯಾಟ್ ಶರ್ಮರ್ ನ್ಯೂಯಾರ್ಕ್ ಜಯಂಟ್ಸ್ ತಂಡದ ಮುಖ್ಯ ಕೋಚ್ ಆದರು. ಸ್ಟೆಫಾನ್‌ಸ್ಕಿಯವರನ್ನು ತಮ್ಮ ಸಂಯೋಜಕರನ್ನಾಗಿ ಮಾಡಿಕೊಳ್ಳುವ ಉದ್ದೇಶದಿಂದ ಜಯಂಟ್ಸ್ ಸಂದರ್ಶನಕ್ಕೆ ಅನುಮತಿ ಕೇಳಿತು. ವೈಕಿಂಗ್ಸ್ ಒಪ್ಪಲಿಲ್ಲ. ಹಾಗಾದರೆ ತನ್ನಲ್ಲೇ ತೆರವಾಗಿದ್ದ ಆ ಸ್ಥಾನವನ್ನು ಅವರಿಗೆ ಕೊಟ್ಟಿತೇ? ಅದೂ ಇಲ್ಲ. ಫಿಲಡೆಲ್ಫಿಯಾ ಈಗಲ್ಸ್ ತಂಡದಲ್ಲಿ ಸ್ಟೆಫಾನ್‌ಸ್ಕಿಯವರಂತೆಯೇ ಸಹಾಯಕರಾಗಿದ್ದ ಜಾನ್ ಡಿಫಿಲಿಪ್ಪೊ ಅವರನ್ನು ಕರೆತಂದು ಸಂಯೋಜಕರನ್ನಾಗಿ ಮಾಡಿತು. ಸ್ವತಃ ಡಿಫಿಲಿಪ್ಪೊ ಅವರನ್ನೂ ಒಂದು ವರ್ಷ ಮೊದಲು ಈಗಲ್ಸ್ ಇದೇ ರೀತಿ ತಡೆದಿತ್ತು!

ಇನ್ನೊಬ್ಬರ ಮನೆಯ ಸಹಾಯಕನು ಮೇಲೇರಿ ತಮ್ಮಲ್ಲಿಗೆ ಬರಬೇಕು, ತಮ್ಮ ಮನೆಯ ಸಹಾಯಕನು ಮೇಲೇರಿ ಇನ್ನೊಬ್ಬರಲ್ಲಿಗೆ ಹೋಗಬಾರದು. ಕೊಳ್ಳಲು ಒಂದು ಅಳತೆ, ಕೊಡಲು ಇನ್ನೊಂದು ಅಳತೆ ಎಂದರೆ ಇದೇ ಅಲ್ಲವೇ?

ಹಾಗೆಂದು ತಂಡಗಳ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಅವರು ಹೇಳುವುದರಲ್ಲಿ ಹುರುಳಿದೆ. "ನಾವು ಯಾರನ್ನೂ ಬಲವಂತವಾಗಿ ಹಿಡಿದಿಟ್ಟಿಲ್ಲ. ಅವರು ತಾವಾಗಿಯೇ ಸಹಿ ಹಾಕಿದ್ದಾರೆ, ಒಳ್ಳೆಯ ಸಂಬಳ ಪಡೆದಿದ್ದಾರೆ. ನಮ್ಮ ಆಟದ ತಂತ್ರಗಳೆಲ್ಲ ಅವರಿಗೆ ಗೊತ್ತು. ಅವರನ್ನು ನಂಬಿ ನಾವು ಮುಂದಿನ ಯೋಜನೆ ಹಾಕಿದ್ದೇವೆ. ಕರೆ ಬಂದ ಕೂಡಲೇ ಎದ್ದು ಹೋಗಬಹುದಾದರೆ ಕರಾರಿಗೆ ಏನು ಬೆಲೆ?" ಇದು ಅವರ ವಾದ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ವಿಶ್ವಾಸಿಯ ಲಕ್ಷಣವೆಂದು ನಾವು ಮಕ್ಕಳಿಗೆ ಎಳವೆಯಲ್ಲೇ ಕಲಿಸುತ್ತೇವೆ. ಆದುದರಿಂದ ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಇಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ಆ ಮನುಷ್ಯನು ಮಾತು ಕೊಟ್ಟದ್ದು ಯಾವುದಕ್ಕೆ? ಒಂದು ನಿರ್ದಿಷ್ಟ ಕೆಲಸವನ್ನು ನಿಷ್ಠೆಯಿಂದ ಮಾಡುತ್ತೇನೆಂದು ಅವನು ಹೇಳಿದನು. ತಂಡದ ಗುಟ್ಟು ಅವನ ಬಳಿ ಅಮಾನತು, ಅದನ್ನು ಕಾಯುವುದು ಅವನ ಕರ್ತವ್ಯ. ಆದರೆ ದುಡಿಯುತ್ತಾ ದುಡಿಯುತ್ತಾ ಅವನಲ್ಲಿ ಬೆಳೆದ ಸಾಮರ್ಥ್ಯ ಯಾರ ಸೊತ್ತು? ತೋಟದ ಕೆಲಸಕ್ಕೆ ಬಂದವನ ದುಡಿಮೆಗೆ ನೀವು ಕೂಲಿ ಕೊಟ್ಟಿದ್ದೀರಿ, ಅವನು ನೆಟ್ಟ ಗಿಡದ ಫಲವೂ ನಿಮ್ಮದೇ. ಆದರೆ ಗಿಡ ನೆಡುತ್ತಾ ಅವನ ಕೈಗೆ ಬಂದ ಕೌಶಲವನ್ನು ನೀವು ಕೊಂಡಿಲ್ಲ. ಅದು ನಿಮ್ಮ ತಿಜೋರಿಯಲ್ಲಿಡುವ ವಸ್ತುವಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಿ. ಕರಾರು ಎರಡೂ ಕಡೆಯವರನ್ನು ಕಟ್ಟಬೇಕು. 2018ರ ಡಿಸೆಂಬರ್‌ನಲ್ಲಿ, ಆಟದ ಋತು ಇನ್ನೂ ಮುಗಿಯದಿರುವಾಗಲೇ, ವೈಕಿಂಗ್ಸ್ ಡಿಫಿಲಿಪ್ಪೊ ಅವರನ್ನು ಕೆಲಸದಿಂದ ತೆಗೆದುಹಾಕಿತು. ಅವರು ಬಂದು ಒಂದು ವರ್ಷವೂ ಆಗಿರಲಿಲ್ಲ. ಅಲ್ಲಿ ಮುಖ್ಯ ಕೋಚ್ ಹೋದರೆ ಅವರ ಜೊತೆ ಹಲವು ಸಹಾಯಕರೂ ಮನೆಗೆ ಹೋಗುತ್ತಾರೆ. ಕರಾರಿನ ಉಳಿದ ಹಣ ಅವರಿಗೆ ಸಾಮಾನ್ಯವಾಗಿ ಸಿಗುತ್ತದೆ ಎಂಬುದು ನಿಜ. ಅದನ್ನು ಮರೆಮಾಚಬಾರದು. ಅಂದರೆ ತಂಡಕ್ಕೆ ಹಣ ಕೊಟ್ಟು ಬಿಡುಗಡೆ ಪಡೆಯುವ ದಾರಿ ಇದೆ. ಸಹಾಯಕನಿಗೆ ಮಾತ್ರ ಆಗ ಅಂಥ ದಾರಿ ಇರಲಿಲ್ಲ. ಒಬ್ಬನಿಗೆ ಬಾಗಿಲು, ಇನ್ನೊಬ್ಬನಿಗೆ ಗೋಡೆ!

ಮುಂದೇನಾಯಿತು ಗೊತ್ತೇ? ತೆರವಾದ ಸ್ಥಾನಕ್ಕೆ ಸ್ಟೆಫಾನ್‌ಸ್ಕಿಯವರನ್ನೇ ತಂದರು. 2020ರ ಜನವರಿಯಲ್ಲಿ ಅವರು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಮುಖ್ಯ ಕೋಚ್ ಆದರು. 2002ರ ನಂತರ ಮೊದಲ ಬಾರಿಗೆ ಆ ತಂಡವನ್ನು ಅಂತಿಮ ಸುತ್ತಿನ ಪಂದ್ಯಗಳಿಗೆ ಕೊಂಡೊಯ್ದು, ಆ ವರ್ಷದ ಅತ್ಯುತ್ತಮ ಕೋಚ್ ಎಂಬ ಗೌರವ ಪಡೆದರು. "ನೋಡಿ, ತಡೆದದ್ದರಿಂದ ಅವರಿಗೆ ಒಳ್ಳೆಯದೇ ಆಯಿತು" ಎಂದು ಕೆಲವರು ಹೇಳಬಹುದು. ಇದು ದೊಡ್ಡ ತಪ್ಪು ತಿಳುವಳಿಕೆ. ತಡೆದವರು ಅವರ ಒಳಿತಿಗಾಗಿ ತಡೆದಿರಲಿಲ್ಲ. ಫಲ ಒಳ್ಳೆಯದಾಯಿತೆಂಬ ಮಾತ್ರಕ್ಕೆ ಕೃತ್ಯವು ನ್ಯಾಯವಾಗುವುದಿಲ್ಲ. ಅಲ್ಲದೆ, ತಡೆಯಲ್ಪಟ್ಟು ಅಲ್ಲೇ ಉಳಿದುಹೋದವರ ಹೆಸರು ಯಾರ ನೆನಪಿನಲ್ಲಿರುತ್ತದೆ?

ಹೀಗೆ ಉಳಿದುಹೋಗುವವರು ಯಾರು ಎಂಬುದೂ ಮುಖ್ಯ. ಆ ಲೀಗ್‌ನ ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕರಿಯರು. ಆದರೆ 2020ರಲ್ಲಿ 32 ಮುಖ್ಯ ಕೋಚ್‌ಗಳಲ್ಲಿ ಕರಿಯರು ಮೂವರು ಮಾತ್ರ. ನಡುವಿನ ಮೆಟ್ಟಿಲನ್ನೇ ಹತ್ತಲು ಬಿಡದಿದ್ದರೆ ಮೇಲಕ್ಕೆ ತಲುಪುವುದು ಹೇಗೆ? ಈ ವಾದಕ್ಕೆ ಕೊನೆಗೂ ಬೆಲೆ ಬಂತು. 2020ರ ಮೇ ತಿಂಗಳಲ್ಲಿ ತಂಡಗಳ ಮಾಲಕರು ನಿಯಮ ಬದಲಾಯಿಸಿದರು. ನಿಜವಾದ ಸಂಯೋಜಕ ಹುದ್ದೆಗೆ ಕರೆ ಬಂದರೆ, ಋತು ಮುಗಿದ ಬಳಿಕ ಸಹಾಯಕನನ್ನು ತಡೆಯುವಂತಿಲ್ಲ ಎಂದಾಯಿತು. ಸಮಾನ ಹುದ್ದೆಗೆ ಕರೆದರೆ ತಡೆಯುವ ಅಧಿಕಾರ ಹಾಗೆಯೇ ಉಳಿಯಿತು. ಇದರಲ್ಲಿ ಒಂದು ವಿವೇಕವಿದೆ. ಕೇವಲ ಹೆಚ್ಚು ಹಣಕ್ಕಾಗಿ ಅದೇ ಕೆಲಸಕ್ಕೆ ನೆರೆಮನೆಗೆ ಹೋಗುವವನನ್ನು ಕರಾರು ಹಿಡಿದು ನಿಲ್ಲಿಸಬಹುದು. ಮೇಲೇರುವವನನ್ನು ಹಿಡಿದೆಳೆಯಬಾರದು.

ಓದುಗ ಮಿತ್ರರೇ, ಇದು ದೂರದ ಶ್ರೀಮಂತರ ಆಟದ ಜಗಳ ಎನಿಸಬಹುದು. ಆದರೆ 'ಎನ್.ಓ.ಸಿ.' ಎಂಬ ಮೂರಕ್ಷರ ನಮ್ಮ ಎಷ್ಟೋ ಮನೆಗಳಿಗೆ ಗೊತ್ತು. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿದೆ, ಆದರೆ ಕಫೀಲ್ ಆ ಕಾಗದ ಕೊಡುತ್ತಿಲ್ಲ ಎಂಬ ಸುದ್ದಿ ಬಂದಾಗ ತಾಯಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾಳೆ! ಅಮೆರಿಕದ ಕೋಚ್‌ನ ಸಂಬಳಕ್ಕೂ ಈ ಮಗನ ಸಂಬಳಕ್ಕೂ ಹೋಲಿಕೆಯೇ ಇಲ್ಲ. ಸಹಿ ಹಾಕುವಾಗ ಆ ಕೋಚ್‌ಗೆ ಇದ್ದ ಆಯ್ಕೆಯೂ ಇವನಿಗೆ ಇರಲಿಲ್ಲ. ಆದರೆ ಎರಡೂ ಕಡೆ ಇರುವ ತಪ್ಪು ಒಂದೇ ಜಾತಿಯದು. ದುಡಿಮೆಯನ್ನು ಕೊಂಡವನು ದುಡಿಯುವವನ ನಾಳೆಯನ್ನೂ ಕೊಂಡೆನೆಂದು ಭಾವಿಸುತ್ತಾನೆ. ಕತಾರ್ ದೇಶವು 2020ರಲ್ಲಿ ತನ್ನ ಕಾನೂನನ್ನು ತಿದ್ದಿ, ಉದ್ಯೋಗ ಬದಲಿಸಲು ಮಾಲಕನ ಎನ್.ಓ.ಸಿ. ಬೇಕಾಗಿಲ್ಲ, ಮುಂಚಿತವಾಗಿ ನೋಟಿಸು ಕೊಟ್ಟರೆ ಸಾಕು ಎಂದಿತು. ಮಾಲಕನಿಗೆ ಬೇರೊಬ್ಬನನ್ನು ಹುಡುಕಲು ಸಮಯ, ಕೆಲಸಗಾರನಿಗೆ ಹೋಗಲು ದಾರಿ. ನ್ಯಾಯವು ಇಬ್ಬರ ಕಡೆಯೂ ನೋಡುವುದು ಹೀಗೆ.

ಹೋಗುವವನಿಗೂ ಕರ್ತವ್ಯವಿದೆ. 2018ರ ಫೆಬ್ರವರಿಯಲ್ಲಿ ಜೋಶ್ ಮೆಕ್‌ಡೇನಿಯಲ್ಸ್ ಎಂಬ ಸಂಯೋಜಕರು ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಮುಖ್ಯ ಕೋಚ್ ಆಗಲು ಒಪ್ಪಿದ್ದರು. ಅವರ ಜೊತೆ ದುಡಿಯಲೆಂದು ಕೆಲವು ಸಹಾಯಕರು ಆಗಲೇ ಕೋಲ್ಟ್ಸ್ ಸೇರಿದ್ದರು. ತಂಡವು ಅವರ ನೇಮಕವನ್ನು ಪ್ರಕಟಿಸಿದ ದಿನವೇ ಮೆಕ್‌ಡೇನಿಯಲ್ಸ್ ಹಿಂದೆ ಸರಿದು ಹಳೆಯ ತಂಡದಲ್ಲೇ ಉಳಿದರು. ಸಹಿ ಆಗಿರಲಿಲ್ಲ, ಆದ್ದರಿಂದ ಕಾನೂನು ಅವರನ್ನು ಹಿಡಿಯಲಿಲ್ಲ. ಆದರೆ ಅವರ ಮಾತನ್ನು ನಂಬಿ ಬಂದವರ ಗತಿ? ಕೋಲ್ಟ್ಸ್ ತಂಡವು ಆ ಸಹಾಯಕರನ್ನು ಕೈಬಿಡಲಿಲ್ಲ, ಹೊಸ ಮುಖ್ಯ ಕೋಚ್ ಬಂದಾಗಲೂ ಅವರನ್ನು ಉಳಿಸಿಕೊಂಡಿತು. ಒಬ್ಬರು ಕಾಗದದಲ್ಲಿ ಇಲ್ಲದ ಮಾತನ್ನು ಮುರಿದರು, ಇನ್ನೊಬ್ಬರು ಕಷ್ಟದ ಹೊತ್ತಿನಲ್ಲಿಯೂ ಮಾತನ್ನು ಪಾಲಿಸಿದರು. ಗೌರವಕ್ಕೆ ಅರ್ಹರು ಯಾರೆಂದು ನೀವೇ ಹೇಳಿ.

ಆದುದರಿಂದ ನಾನು ಇಷ್ಟನ್ನು ಹೇಳುತ್ತೇನೆ. ಹೋಗುವವನು ಕೆಲಸದ ನಡುವೆ ಕೈಕೊಟ್ಟು ಹೋಗಬಾರದು, ಸಮಯ ಕೊಡಬೇಕು, ಗುಟ್ಟು ಕಾಯಬೇಕು. ಅವನಿಂದ ನಷ್ಟವಾದರೆ ಕರೆದವರು ಅದನ್ನು ತುಂಬಿಕೊಡಲಿ. ಅಮೆರಿಕದ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಅವಧಿಗೆ ಮುನ್ನ ಹೋಗುವ ಕೋಚ್‌ನ ಕಡೆಯಿಂದ ಇಂತಿಷ್ಟು ಹಣ ಸಲ್ಲಬೇಕೆಂದು ಕರಾರಿನಲ್ಲೇ ಬರೆಯುವ ಪದ್ಧತಿಯಿದೆ. ನಷ್ಟಕ್ಕೆ ಪರಿಹಾರ ಕೇಳುವುದು ಹಕ್ಕು. ಮನುಷ್ಯನನ್ನೇ ಒತ್ತೆಯಾಗಿ ಇಟ್ಟುಕೊಳ್ಳುವುದು ಹಕ್ಕಲ್ಲ.

ಈಗ ಮೊದಲ ಪ್ರಶ್ನೆಗೆ ಮರಳೋಣ. ಆ ಯುವಕ ಇನ್ನೂ ನಿಮ್ಮ ಮುಂದೆ ನಿಂತಿದ್ದಾನೆ. ಅವನು ಹೋದರೆ ನಿಮಗೆ ತೊಂದರೆಯಾಗುವುದು ಖಂಡಿತ. ಆದರೆ 'ಇಲ್ಲ' ಎಂದು ತಡೆದರೆ ನಾಳೆಯಿಂದ ನಿಮ್ಮ ಬಳಿ ಉಳಿಯುವುದು ಅವನ ಕೈಕಾಲು ಮಾತ್ರ, ಮನಸ್ಸಲ್ಲ. ಹೋಗಲು ಬಿಟ್ಟರೆ, ಇಂಥವರ ಬಳಿ ಕಲಿತೆ ಎಂದು ಅವನು ಹೋದಲ್ಲೆಲ್ಲ ಹೇಳುವನು. ಅದನ್ನು ಕೇಳಿ ಇನ್ನೊಬ್ಬ ಯುವಕ ಕೆಲಸ ಕಲಿಯಲು ನಿಮ್ಮ ಬಾಗಿಲಿಗೆ ಬರುವನು.