ಅಳತೆಗೋಲು ಯಾರ ಕೈಲಿದೆ?

ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಅಲ್ಲಿನ ದೊಡ್ಡ ಲೀಗಿನಲ್ಲಿ 32 ತಂಡಗಳಿವೆ. ಕಾಲೇಜುಗಳಲ್ಲಿ ಆಡಿ ಬಂದ ಹುಡುಗರನ್ನು ಈ ತಂಡಗಳು ವರ್ಷಕ್ಕೊಮ್ಮೆ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಅಂತ ಹೆಸರು. 1936ರಿಂದ ನಡೆದು ಬಂದಿದೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಈ ನ್ಯಾಯ ತಂಡತಂಡಗಳ ನಡುವಿನದು. ‘ನೀನು ಯಾವ ಊರಿಗೆ ಹೋಗ್ತೀಯಪ್ಪಾ?’ ಅಂತ ಹುಡುಗನನ್ನು ಯಾರೂ ಕೇಳುವುದಿಲ್ಲ. ಅವನ ಎತ್ತರ, ತೂಕ, ಅಂಗೈ, 40 ಗಜದ ಓಟ ಎಲ್ಲವನ್ನೂ ಅಳೆಯುತ್ತಾರೆ, ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ.

ಅಳೆಯುವುದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಹನ್ನೊಂದು ಜನರ ಆಟಕ್ಕೆ ಆಯ್ಕೆ ಬೇಕೇ ಬೇಕು. ನಮ್ಮ ಪ್ರಶ್ನೆ ಬೇರೆ. ಅಳತೆಗೋಲನ್ನು ಕಡಿದು ಗುರುತು ಹಾಕಿದವರು ಯಾರು?

ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಅನ್ನುವವನೇ ಮೇಟಿ. ಚೆಂಡು ಯಾರಿಗೆ ಎಸೆಯಬೇಕು, ಯಾವಾಗ ಎಸೆಯಬೇಕು ಅಂತ ಕ್ಷಣದಲ್ಲಿ ತೀರ್ಮಾನಿಸುವವನು ಅವನು. 1934ರಿಂದ 1945ರವರೆಗೆ ಆ ಲೀಗಿನಲ್ಲಿ ಒಬ್ಬನೇ ಒಬ್ಬ ಕರಿಯ ಆಟಗಾರ ಇರಲಿಲ್ಲ. 1946ರಲ್ಲಿ ಬಾಗಿಲು ತೆರೆದ ಮೇಲೂ ಈ ಒಂದು ಜಾಗ ಬಹುಕಾಲ ಮುಚ್ಚಿಯೇ ಇತ್ತು. ಕರಿಯರು ಓಡಲಿ, ಹಿಡಿಯಲಿ, ಗುದ್ದಲಿ. ಯೋಚಿಸುವ ಕೆಲಸ ಬಿಳಿಯರಿಗಿರಲಿ! ವಾರೆನ್ ಮೂನ್ 1978ರ ಜನವರಿಯಲ್ಲಿ ತನ್ನ ವಿಶ್ವವಿದ್ಯಾಲಯಕ್ಕೆ ರೋಸ್ ಬೌಲ್ ಪಂದ್ಯ ಗೆದ್ದುಕೊಟ್ಟ. ಆ ವರ್ಷದ ಡ್ರಾಫ್ಟಿನಲ್ಲಿ ಒಂದು ತಂಡವೂ ಅವನ ಹೆಸರೆತ್ತಲಿಲ್ಲ. ಅವನು ಕೆನಡಾಕ್ಕೆ ಹೋಗಿ ಆಡಿದ. 1984ರಲ್ಲಿ ವಾಪಸ್ಸು ಬಂದ. 2006ರಲ್ಲಿ ಅದೇ ಆಟದ ಮಹನೀಯರ ಸಾಲಿನಲ್ಲಿ ಅವನನ್ನು ಕೂರಿಸಿದರು.

ಇದೆಲ್ಲ ಹಳೇ ಕಥೆ ಅನ್ನಬಹುದು. ಹಾಗಾದರೆ 2018ಕ್ಕೆ ಬನ್ನಿ. ಲಮಾರ್ ಜಾಕ್ಸನ್ ಎಂಬ ಕರಿಯ ಹುಡುಗ. ಕಾಲೇಜು ಆಟದ ಅತ್ಯುನ್ನತ ಪ್ರಶಸ್ತಿಯಾದ ಹೈಸ್‌ಮನ್ ಅನ್ನು 2016ರಲ್ಲೇ ಗೆದ್ದಿದ್ದವನು. ಆದರೂ ಬಿಲ್ ಪೋಲಿಯನ್ ಎಂಬ ಹಿರಿಯ ಆಟತಜ್ಞ, ಇವನು ಕ್ವಾರ್ಟರ್‌ಬ್ಯಾಕ್ ಆಗುವುದು ಬೇಡ, ಚೆಂಡು ಹಿಡಿಯುವವನಾಗಲಿ ಎಂದುಬಿಟ್ಟ. ಅವತ್ತು ಜಾಕ್ಸನ್‌ಗಿಂತ ಮೊದಲು ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ನಾಲ್ವರೂ ಬಿಳಿಯರು. ಅವರಲ್ಲಿ ಜೋಶ್ ಅಲೆನ್ ದೊಡ್ಡ ಆಟಗಾರನೇ ಆದ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹತ್ತನೆಯವನಾಗಿ ಹೋದ ಜೋಶ್ ರೋಸೆನ್‌ನನ್ನು ಅವನ ತಂಡ ಒಂದೇ ವರ್ಷಕ್ಕೆ ಬಿಟ್ಟುಕೊಟ್ಟಿತು.

ಬಾಲ್ಟಿಮೋರ್ ರೇವನ್ಸ್ ತಂಡಕ್ಕೆ ಅವತ್ತು 16ನೇ ಸರದಿ ಇತ್ತು. ಅವರ ಮುಂದೆ ಹಲವು ದಾರಿ. ಇದ್ದುದರಲ್ಲೇ ಉತ್ತಮನನ್ನು ಎತ್ತಿಕೊಳ್ಳುವುದೋ, ಕೊರತೆ ಇರುವ ಜಾಗ ತುಂಬುವುದೋ, ಸರದಿಯನ್ನೇ ಬೇರೆಯವರಿಗೆ ಮಾರಿ ಹಿಂದೆ ಸರಿಯುವುದೋ? ಅವರು ಎರಡು ಸಲ ಹಿಂದೆ ಸರಿದರು. 25ನೆಯ ಸರದಿಯಲ್ಲಿ ಹೇಡನ್ ಹರ್ಸ್ಟ್ ಎಂಬ ಬೇರೊಬ್ಬನನ್ನು ಆರಿಸಿದರು. ಅಂದರೆ ಅವರೂ ಜಾಕ್ಸನ್‌ನನ್ನು ದಾಟಿಯೇ ಹೋದರು. ಆಮೇಲೆ ಫಿಲಡೆಲ್ಫಿಯಾದವರ ಜೊತೆ ವಿನಿಮಯ ಮಾಡಿಕೊಂಡು, ಮೊದಲ ಸುತ್ತಿನ ಕಟ್ಟಕಡೆಯ 32ನೇ ಸರದಿಯಲ್ಲಿ ಅವನನ್ನು ಕರೆದರು.

ಇದು ದಯೆಯಲ್ಲ. ತಂಡ ಧರ್ಮಛತ್ರವೂ ಅಲ್ಲ. ಅವರು ಮಾಡಿದ ದೊಡ್ಡ ಕೆಲಸ ನಂತರದ್ದು. ‘ಈ ಹುಡುಗ ನಮ್ಮ ಆಟಕ್ಕೆ ಹೊಂದುತ್ತಾನೆಯೇ?’ ಅಂತ ಕೇಳುತ್ತಾ ಕೂರಲಿಲ್ಲ. ಅವನ ಓಟಕ್ಕೆ, ಅವನ ಎಸೆತಕ್ಕೆ ತಕ್ಕಂತೆ ತಮ್ಮ ಆಟವನ್ನೇ ತಿದ್ದಿದರು. 2019ರಲ್ಲಿ ತಂಡ 16 ಪಂದ್ಯಗಳಲ್ಲಿ 14 ಗೆದ್ದಿತು. ಜಾಕ್ಸನ್ 1,206 ಗಜ ಓಡಿದ. ಅಲ್ಲಿಯವರೆಗೆ ಯಾವ ಕ್ವಾರ್ಟರ್‌ಬ್ಯಾಕ್ ಒಂದು ಋತುವಿನಲ್ಲಿ ಅಷ್ಟು ಓಡಿರಲಿಲ್ಲ. ಓಡುವವನು ಮಾತ್ರ ಅಂದವರಿಗೆ ಉತ್ತರವಾಗಿ 36 ಟಚ್‌ಡೌನ್ ಎಸೆತಗಳನ್ನೂ ಎಸೆದ. ವರ್ಷದ ಶ್ರೇಷ್ಠ ಆಟಗಾರ ಅಂತ ಒಬ್ಬರೂ ತಪ್ಪದೆ ಎಲ್ಲರೂ ಅವನಿಗೇ ಮತ ಹಾಕಿದರು. ತಾನು ತಪ್ಪಿದೆ ಅಂತ ಪೋಲಿಯನ್ ಅದೇ ವರ್ಷ ಒಪ್ಪಿಕೊಂಡ.

ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಒಬ್ಬ ಜಾಕ್ಸನ್ ಗೆದ್ದು ತೋರಿಸಿದ. ಹಿಡಿಯುವವನಾಗು ಅಂದಾಗ ತಲೆಬಾಗಿಸಿ ಜಾಗ ಬದಲಿಸಿದವರೆಷ್ಟು ಮಂದಿ? ಅವರ ಲೆಕ್ಕ ಯಾವ ದಾಖಲೆಯಲ್ಲೂ ಸಿಗದು. ಕೋಲು ಸೊಟ್ಟಗಿದ್ದರೂ ನಷ್ಟ ಮಾತ್ರ ಅಳೆಸಿಕೊಂಡವನದು.

‘ಅರ್ಹತೆ’ ಎಂಬ ಮಾತನ್ನು ನಾವೂ ದಿನಾ ಕೇಳುತ್ತೇವೆ. ಗೆಳೆಯರೇ, ಮೇಷ್ಟರೇ, ‘ಈ ಹುಡುಗ ಇದಕ್ಕೆ ಲಾಯಕ್ಕಲ್ಲ’ ಅನ್ನುವ ಮಾತು ಬಾಯಿಗೆ ಬಂದಾಗ ಒಂದು ಗಳಿಗೆ ತಡೆಯೋಣ. ಅವನಿಗಾಗಿ ನಾವು ನಮ್ಮ ಆಟವನ್ನು ಎಷ್ಟು ಬದಲಿಸಿದ್ದೇವೆ ಅಂತ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.