ಕಾಣದ ಪದರ

ಕಾರಿಗೆ ವ್ಯಾಕ್ಸ್ ಹಚ್ಚಿ ಒರೆಸಿದ ಮೇಲೆ ಬಾನೆಟ್ಟಿನ ಮೇಲೆ ಉಳಿಯುವುದೇನು? ಕಣ್ಣಿಗೆ ಹೊಳಪು ಕಾಣುತ್ತದೆ, ಮೇಣ ಕಾಣುವುದಿಲ್ಲ. ಬೆರಳಿಗೆ ನುಣುಪು ಸಿಗುತ್ತದೆ, ಮೇಣ ಸಿಗುವುದಿಲ್ಲ. ಅದು ಅಲ್ಲಿದೆ ಎಂದು ಸಾಕ್ಷಿ ಹೇಳಬೇಕಾದದ್ದು ನೀರು. ಒಂದು ಚೊಂಬು ನೀರು ಸುರಿದು ಬಗ್ಗಿ ನೋಡಬೇಕು. ನೀರು ಹಾಳೆಯಂತೆ ಹರಡುವುದಿಲ್ಲ. ಚೂರುಚೂರಾಗಿ ಒಡೆದು ಉಂಡೆ ಕಟ್ಟುತ್ತದೆ. ಒಂದೊಂದು ಹನಿಯೂ ಬುಡವನ್ನು ಒಳಕ್ಕೆಳೆದುಕೊಂಡು, ಬಣ್ಣವನ್ನು ಆದಷ್ಟು ಕಡಿಮೆ ಮುಟ್ಟಿ ಕೂತಿರುತ್ತದೆ. ಎರಡು ಹನಿಗಳು ತಾಗಿದವೋ, ಆ ಕ್ಷಣವೇ ಒಂದಾಗಿ, ಭಾರ ತಾಳದೆ ಇಳಿಜಾರಿನಲ್ಲಿ ಓಡುತ್ತವೆ. ಓಡುವಾಗ ದಾರಿಯಲ್ಲಿದ್ದ ಸಣ್ಣ ಹನಿಗಳನ್ನೂ ಸೇರಿಸಿಕೊಳ್ಳುತ್ತವೆ.

ಮೇಣ ನೀರನ್ನು ದೂಡುತ್ತದೆ ಎಂದು ನಾವು ಹೇಳುತ್ತೇವೆ. ನಿಜಕ್ಕೂ ಅದು ದೂಡುವುದಿಲ್ಲ. ನೀರಿನ ಅಣುಗಳಿಗೆ ತಮ್ಮತಮ್ಮಲ್ಲೇ ಬಲವಾದ ಸೆಳೆತವಿದೆ. ಮೇಣದ ಉದ್ದನೆಯ ಇಂಗಾಲದ ಸರಪಳಿಗಳಿಗೆ ನೀರನ್ನು ಹಿಡಿದಿಡುವ ಶಕ್ತಿ ತೀರಾ ಕಡಿಮೆ. ಕರೆಯದ ಮನೆಗೆ ನೀರು ಹೋಗುವುದಿಲ್ಲ. ತನ್ನವರ ಜೊತೆಗೇ ಒತ್ತರಿಸಿಕೊಂಡು ದುಂಡಗಾಗುತ್ತದೆ. ಅಷ್ಟು ಸೌಮ್ಯವಾದ ಕಾರಣದಿಂದ ಅಷ್ಟು ಚೆಲುವಾದ ಆಕಾರ ಹುಟ್ಟುತ್ತದೆ ಎಂಬುದು ತಿಳಿದ ಮೇಲೂ ನನ್ನ ಬೆರಗು ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ಇನ್ನು ಅದರ ದಪ್ಪ. ಕಾರಿನ ಬಣ್ಣವೆಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ತುಕ್ಕು ತಡೆಯುವ ಪದರ, ಪ್ರೈಮರ್, ಬೇಸ್ ಕೋಟ್, ಕ್ಲಿಯರ್ ಕೋಟ್ ಎಲ್ಲವೂ ಇವೆ. ಎಲ್ಲ ಸೇರಿಯೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್; ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು. ಅದರ ಮೇಲೆ ಒರೆಸಿ ಉಳಿದ ಮೇಣ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ತೆಳು. ಬೆಂಗಳೂರಿನ ಬೀದಿಯಲ್ಲಿ ಮಳೆಮರದ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಬೀಳುವ ಅಂಟು, ಹಕ್ಕಿಯ ಹಿಕ್ಕೆ, ಧೂಳು, ಬಿಸಿಲು, ಇವೆಲ್ಲದರ ಮೊದಲ ಪೆಟ್ಟು ಬೀಳುವುದು ಇಷ್ಟು ತೆಳುವಾದ ಈ ಪದರದ ಮೇಲೆ. ಕೆಲವು ವಾರಗಳಲ್ಲಿ ಅದು ಸವೆದು ಹೋಗುತ್ತದೆ. ತಾನು ಸವೆದು, ಕೆಳಗಿನದನ್ನು ಉಳಿಸುವುದೇ ಅದರ ಕೆಲಸ.

ಹಾಗಾದರೆ ಎರಡು ಸಲ ಹಚ್ಚಿದರೆ ದಪ್ಪ ಇಮ್ಮಡಿಯಾಗುತ್ತದೆಯೇ? ಆಗುವುದಿಲ್ಲ. ಹೊಸ ಮೇಣದಲ್ಲಿರುವ ದ್ರಾವಕ ಹಳೆಯ ಪದರವನ್ನು ಒಂದಿಷ್ಟು ಕರಗಿಸಿ ತನ್ನೊಂದಿಗೆ ಬೆರೆಸಿಕೊಳ್ಳುತ್ತದೆ. ಆದ್ದರಿಂದಲೇ ಕೆಲಸ ಬಲ್ಲವರು ಮೊದಲ ಕೋಟ್ ಒಣಗಲು ಒಂದು ದಿನ ಬಿಟ್ಟು, ನೆರಳಿನಲ್ಲಿ, ಮೈ ತಣ್ಣಗಿರುವಾಗ ಎರಡನೆಯದನ್ನು ಹಚ್ಚುತ್ತಾರೆ. ಅದರಿಂದ ಸಿಗುವುದು ಪೂರ್ಣತೆ. ಮೊದಲ ಸಲ ಕೈ ತಪ್ಪಿದ ಅಂಚು, ಬಾಗಿಲ ಹಿಡಿಯ ಹಿಂದಿನ ಮೂಲೆ, ಪ್ಯಾಡ್ ಹಗುರಾಗಿ ಹಾದುಹೋದ ಜಾಗ ಎರಡನೆಯ ಸಲ ತುಂಬಿಕೊಳ್ಳುತ್ತವೆ. ನವಿರಾದ ಗೀರುಗಳೂ ಒಂದಿಷ್ಟು ತುಂಬುತ್ತವೆ. ಆಗ ಅಲ್ಲಲ್ಲಿ ಚದುರುತ್ತಿದ್ದ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ. ಎದುರಿನ ಮರದ ಕೊಂಬೆ ಬಾಗಿಲ ಮೇಲೆ ಅಂಚು ಸಮೇತ ಮೂಡುತ್ತದೆ.

ಈ ಮೇಣ ಬರುವುದೆಲ್ಲಿಂದ? ಡಬ್ಬಿಯ ಮೇಲೆ ಕಾರ್ನೌಬಾ ಎಂದಿದ್ದರೆ, ಅದರ ಊರು ಬ್ರೆಜಿಲ್ಲಿನ ಈಶಾನ್ಯದ ಒಣನಾಡು: ಸಿಯಾರಾ, ಪಿಯಾವಿ ಸೀಮೆ. ಅಲ್ಲಿ ಬೀಸಣಿಗೆಯಂಥ ಎಲೆಗಳ ಒಂದು ತಾಳೆಮರ ಬೆಳೆಯುತ್ತದೆ. ತಿಂಗಳುಗಟ್ಟಲೆ ಮಳೆಯಿಲ್ಲದ ಕಾಲದಲ್ಲಿ ಒಳಗಿನ ನೀರು ಆರಿಹೋಗದಂತೆ ಅದು ಎಲೆಯ ಮೇಲೆಲ್ಲ ಮೇಣ ಒಸರುತ್ತದೆ. ಜನ ಮುಳ್ಳುತೊಟ್ಟಿನ ಆ ಎಲೆಗಳನ್ನು ಉದ್ದನೆಯ ದೋಟಿಯಿಂದ ಕೊಯ್ದು, ಬಿಸಿಲಿಗೆ ಹರವಿ, ಬಡಿದು ಪುಡಿ ಉದುರಿಸುತ್ತಾರೆ. ಪುಡಿಯನ್ನು ಕರಗಿಸಿ ಸೋಸಿದರೆ ಕಲ್ಲಿನಂತೆ ಗಟ್ಟಿಯಾದ ಮೇಣ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗಿದರೆ ಇದು 80 ಡಿಗ್ರಿ ದಾಟುವವರೆಗೂ ಕರಗದು. ಬಿಸಿಲಿನಲ್ಲಿ ಕಾದ ಬಾನೆಟ್ಟಿನ ಮೇಲೂ ಅದು ನಿಲ್ಲುವುದಕ್ಕೆ ಈ ಗಟ್ಟಿತನವೇ ಕಾರಣ. ಅಲ್ಲಿ ಒಳಗಿನ ನೀರು ಹೊರಗೆ ಹೋಗದಂತೆ ಕಾದದ್ದು, ಇಲ್ಲಿ ಹೊರಗಿನ ನೀರು ಮೈಮೇಲೆ ನಿಲ್ಲದಂತೆ ಕಾಯುತ್ತದೆ. ಗುಣ ಒಂದೇ, ದಿಕ್ಕು ಬೇರೆ.

ಎಲೆಗೆ ಈ ವಿದ್ಯೆ ಹೊಸದಲ್ಲ. ಸುಮಾರು 47 ಕೋಟಿ ವರ್ಷಗಳ ಹಿಂದೆ ಸಸ್ಯಗಳು ನೀರು ಬಿಟ್ಟು ನೆಲಕ್ಕೆ ಬಂದು ಬದುಕಿಕೊಂಡದ್ದರ ಹಿಂದೆ, ಒಣಗದಂತೆ ಮೈ ಕಾಯುವ ಮೇಣದ ಹೊದಿಕೆಯೂ ಇತ್ತು. ನಮ್ಮ ಹಿತ್ತಲಿನ ಕೆಸುವಿನ ಎಲೆಯಲ್ಲೂ, ಕೆರೆಯ ತಾವರೆ ಎಲೆಯಲ್ಲೂ ಅದೇ ಇದೆ. ತಾವರೆ ಎಲೆಯ ಮೇಲೆ ಕಣ್ಣಿಗೆ ಕಾಣದ ಗುಬುಟುಗಳು, ಅವುಗಳ ಮೇಲೆ ಮೇಣದ ಹರಳುಗಳು ಇರುವುದರಿಂದ ಹನಿ ಹೆಚ್ಚುಕಡಿಮೆ ಪೂರ್ತಿ ದುಂಡಗಾಗಿ, ಧೂಳನ್ನೂ ಹೊತ್ತು ಉರುಳುತ್ತದೆ. ಜರ್ಮನಿಯ ಸಸ್ಯವಿಜ್ಞಾನಿಗಳಾದ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹಾಯ್ಸ್ 1997ರಲ್ಲಿ ಇದನ್ನು ವಿವರವಾಗಿ ಬರೆದರು. ಬಾನೆಟ್ ಸಪಾಟು, ಅಲ್ಲಿ ಹನಿ ಅಷ್ಟು ದುಂಡಗಾಗದು. ಆದರೂ ನಡೆಯುತ್ತಿರುವುದು ಎಲೆಯ ವ್ಯವಹಾರವೇ.

ಎಲೆಗೂ ಕಾರಿಗೂ ಇರುವ ದೊಡ್ಡ ವ್ಯತ್ಯಾಸ ಬೇರೆ ಕಡೆ ಇದೆ. ಬೆಳೆಯುವ ಎಲೆ ತನ್ನ ಮೇಣವನ್ನು ಒಳಗಿನಿಂದಲೇ ಒಸರಿಕೊಳ್ಳುತ್ತದೆ. ನಮ್ಮ ಚರ್ಮವೂ ಮೇಣ ಬೆರೆತ ಜಿಡ್ಡನ್ನು ದಿನವೂ ಒಸರುತ್ತಲೇ ಇರುತ್ತದೆ. ಲೋಹಕ್ಕೆ ಆ ಭಾಗ್ಯವಿಲ್ಲ. ಜೀವಕೋಶ ಮಾಡುವ ಕೆಲಸವನ್ನು ಅದಕ್ಕೆ ಇನ್ನೊಬ್ಬರು ಹೊರಗಿನಿಂದ ಮಾಡಿಕೊಡಬೇಕು. ವ್ಯಾಕ್ಸ್ ಮತ್ತೆ ಮತ್ತೆ ಹಚ್ಚಬೇಕಲ್ಲ ಎಂದು ಬೇಸರಪಡುವವರಿಗೆ ನಾನು ಹೇಳುವುದಿಷ್ಟೆ: ಬದುಕಿರುವ ಮೈಯೆಲ್ಲ ಮತ್ತೆ ಮತ್ತೆ ಮಾಡುತ್ತಿರುವುದು ಇದನ್ನೇ. ಜೀವವಿಲ್ಲದ ಒಂದು ವಸ್ತುವಿಗೆ ಆ ಗುಣವನ್ನು ಸ್ವಲ್ಪ ಕಾಲ ಎರವಲು ಕೊಡಲು ನಮ್ಮ ಕೈಗೆ ಸಾಧ್ಯವಾಗಿದೆ ಎಂಬುದು ಸಣ್ಣ ಸಂಗತಿಯಲ್ಲ.