ದಿಕ್ಕಿಲ್ಲದ ಮಕ್ಕಳನ್ನು ಪರಾಮರಿಸುವದು



ಯಾಕೋಬನು ತನ್ನ ಪತ್ರಿಕೆಯ ಮೊದಲನೆಯ ಅಧ್ಯಾಯದ ಕಡೆಯಲ್ಲಿ ನಿಜವಾದ ಭಕ್ತಿಯು ಯಾವದೆಂದು ಹೇಳುವಾಗ ವಿಧವೆಯನ್ನೂ ತಂದೆಯಿಲ್ಲದ ಮಗುವನ್ನೂ ಒಟ್ಟಿಗೆ ನಮ್ಮ ಮುಂದೆ ನಿಲ್ಲಿಸುತ್ತಾನೆ. ಇವರಿಬ್ಬರನ್ನು ಅಗಲಿಸುವಂಥ ದಯೆಯೂ ಲೋಕದಲ್ಲಿ ಉಂಟು. ಅದರ ವಿಷಯವಾಗಿ ಈ ತಿಂಗಳು ಸ್ವಲ್ಪ ಬರೆಯುತ್ತೇವೆ.

ಕಾಂಬೋಡಿಯವು ನಮ್ಮ ದೇಶದ ಪೂರ್ವಕ್ಕೆ, ಸಮುದ್ರದ ಆಚೆಯಲ್ಲಿರುವ ಭತ್ತದ ನಾಡು. 1975ರಿಂದ 1979ರ ವರೆಗೆ ಅದನ್ನು ಆಳಿದ ಕ್ರೂರರು ಶಾಲೆಗಳನ್ನು ಮುಚ್ಚಿ ಉಪಾಧ್ಯಾಯರನ್ನು ಕೊಂದರು. ಬಹುಮಂದಿ ಮಕ್ಕಳು ಅನಾಥರಾದರು. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅನಾಥಾಲಯಗಳು ಕಡಿಮೆಯಾಗಬೇಕಷ್ಟೆ? ಆದರೆ 2005ರಲ್ಲಿ 154 ಇದ್ದವುಗಳು 2010ರಲ್ಲಿ 269 ಆದವು. ಅವುಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿನವರಿಗೆ ತಂದೆಯಾಗಲಿ ತಾಯಿಯಾಗಲಿ ಜೀವದಿಂದಿದ್ದರು.

ಇದು ಹೇಗಾಯಿತೆಂದರೆ, ಅಂಗ್‌ಕೋರಿನ ಹಳೇ ಗುಡಿಗಳನ್ನು ನೋಡಬಂದ ಪರದೇಶಸ್ಥರಲ್ಲಿ ಅನೇಕರು, ಬಡಮಕ್ಕಳಿಗೆ ಇಂಗ್ಲಿಷು ಕಲಿಸೋಣವೆಂದು ಒಂದೆರಡು ವಾರ ನಿಂತು, ಅದಕ್ಕಾಗಿ ಹಣವನ್ನೂ ಕೊಟ್ಟರು. ಹಣ ಬಂದಲ್ಲಿ ಕಟ್ಟಡಗಳು ಎದ್ದವು. ಕಟ್ಟಡಗಳಿಗೆ ಮಕ್ಕಳು ಬೇಕಾದರು. ನಿನ್ನ ಮಗನಿಗೆ ಮೂರು ಹೊತ್ತು ಊಟ, ಮೇಲೆ ಇಂಗ್ಲಿಷು ವಿದ್ಯೆ ಎಂದರೆ ಹಳ್ಳಿಯ ಬಡತಾಯಿಯು ಏನು ಹೇಳಿಯಾಳು? ಆ ಭಾಷೆ ಬಲ್ಲವರಿಗೆ ಹೋಟೆಲುಗಳಲ್ಲಿ ಕೆಲಸ ಸಿಕ್ಕುವದೆಂದು ಅವಳೂ ಬಲ್ಲಳು. ನಾವು ಅವಳನ್ನು ದೂಷಿಸಲಾರೆವು. ಮಕ್ಕಳನ್ನು ಬೋರ್ಡಿಂಗಿಗೆ ಕಳುಹಿಸಿ ಮರೆಯಲ್ಲಿ ಅತ್ತ ತಾಯಂದಿರು ನಮ್ಮ ಸಭೆಗಳಲ್ಲಿಯೂ ಇದ್ದಾರೆ.

ಕಲಿಸಬಂದವನ ಮನಸ್ಸೇನೋ ಒಳ್ಳೇದೇ. ಆದಾಗ್ಯೂ ಅವರ ಖ್ಮೇರ್ ಭಾಷೆಯು ಅವನಿಗೆ ಬಾರದು; ಕಲಿಸುವ ಕ್ರಮವನ್ನೂ ಅನೇಕರು ಅರಿಯರು. ಅವನು ಹೋದ ಮೇಲೆ ಬಂದವನು ತಿರಿಗಿ ಅಕ್ಷರಮಾಲೆಯಿಂದಲೇ ಆರಂಭಿಸುತ್ತಾನೆ. ಮಕ್ಕಳು ಅದೇ ಹಾಡನ್ನು ಹೊಸಬನ ಮುಂದೆಯೂ ಹಾಡಿ, ಅವನ ಕೊರಳಿಗೂ ಜೋತುಬೀಳುತ್ತಾರೆ. ಇದನ್ನು ಪ್ರೀತಿಯೆಂದೆಣಿಸಿ ಪಟ ತೆಗೆದುಕೊಂಡು ಹೋಗುವವರು, ಪದೇಪದೇ ಬಿಡಲ್ಪಡುವ ಮಗುವಿನ ಗಾಯವನ್ನು ಕಾಣರು. ಅನಾಥಾಲಯಗಳಲ್ಲಿ ನಡೆಯುವ ಇಂಥ ಸ್ವಯಂಸೇವೆಯ ಕೇಡುಗಳನ್ನು ತಡೆಯಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯು 2019ರಲ್ಲಿ ರಾಜ್ಯಗಳಿಗೆ ಹೇಳಿತು.

ಹಾಗಾದರೆ ಹೋಗಲೇಬಾರದೋ ಎಂದು ನಮ್ಮ ಯೌವನಸ್ಥರು ಕೇಳಾರು. ಹೋಗಬಹುದು. ಆದರೆ ಹೋಗುವವನು ಮೊದಲು ಕಲಿಸುವದನ್ನು ಕಲಿಯಲಿ. ವರುಷಗಟ್ಟಲೆ ಇರುವದಕ್ಕೆ ಸಿದ್ಧನಾಗಲಿ. ಆ ಊರಿನ ಉಪಾಧ್ಯಾಯರ ಪಕ್ಕದಲ್ಲಿ ನಿಂತು ಅವರ ಕೈಯನ್ನು ಬಲಪಡಿಸಲಿ. ನಮ್ಮಂತೆ ಮನೆಯಲ್ಲಿರುವವರು ಕಾಣಿಕೆ ಕೊಡುವದಾದರೆ, ಅದು ಆ ತಾಯಿಯ ಅಕ್ಕಿಗೂ ಹಳ್ಳಿಯ ಶಾಲೆಗೂ ಸಲ್ಲುವದೋ ಎಂದು ವಿಚಾರಿಸಿ ಕೊಡೋಣ. ಪಾಠ ಮುಗಿದ ಮೇಲೆ ಮಗುವು ಸಂಜೆಗೆ ತನ್ನ ಮನೆಗೆ ನಡೆದು ಹೋಗಲಿ.